ಮೇಲಿನ ಪದರ

ರಸ್ತೆಯಾಚೆಯ ಹೊಲದಲ್ಲಿ ನೀರಿನ ಪೈಪು ಹೂಳಲು ನೆಲ ಅಗೆದಾಗ ಕೆಂಪಗೆ ಬೆಂದ ಮಣ್ಣು ಸಿಕ್ಕಿತು. ಅದರ ಬೆನ್ನಿಗೇ ಗಾಡಿಗಟ್ಟಲೆ ಒಡೆದ ಮಡಕೆಯ ಬೋಕಿ ಚೂರು ಸಿಕ್ಕಿತು. ಅದರ ಬೆನ್ನಿಗೆ ಪುರಾತತ್ವದವರು ಬಂದು ಡೇರೆ ಹಾಕಿದರು. ರಸ್ತೆಯ ಈಚೆಗಿದ್ದ ಹೆಂಚಿನವನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಆ ಹೊಲದಲ್ಲಿ ನೇಗಿಲಿಗೆ ಚೂರು ಸಿಗದ ವರ್ಷವೇ ಇರಲಿಲ್ಲ. ಹೊಲದವರು ಬೈದುಕೊಂಡು ಬದುವಿಗೆ ಎಸೆಯುತ್ತಿದ್ದ ಚೂರನ್ನೇ ಈಗ ಬಂದವರು ತೊಳೆದು, ನೆರಳಲ್ಲಿ ಒಣಗಿಸಿ, ಒಂದೊಂದರ ಮೇಲೂ ನಂಬರು ಬರೆದು ಪೆಟ್ಟಿಗೆಗೆ ತುಂಬುತ್ತಿದ್ದರು.

"ಅಕ್ಕ, ಮಡಕೆ ಇಡಿಯಾಗಿದ್ದಾಗ ಅದಕ್ಕೆ ಇಷ್ಟು ಮರ್ಯಾದೆ ಇರ್ಲಿಲ್ಲ ನೋಡು" ಎಂದ ಹೆಂಚಿನವನ ಹೆಂಡತಿಯ ತಮ್ಮ. ಅವನು ಆ ಅಗೆತಕ್ಕೆ ಕೂಲಿಗೆ ಸೇರಿದ್ದ. ಅವನ ಬಾಯಿಗೆ ಬಿಡುವೆಂಬುದೇ ಇಲ್ಲದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು.

ಹೆಂಚಿನವನು ಹೆಂಚು ಸುಡುವ ಆವಿಗೆ ಇದ್ದದ್ದು ಮನೆಯ ಹಿತ್ತಲಿನಲ್ಲಿ. ಎದೆಮಟ್ಟದ ದುಂಡು ಇಟ್ಟಿಗೆ ಗೋಡೆ, ಮುಂದೆ ಕಟ್ಟಿಗೆ ತಳ್ಳುವ ಬಾಯಿ, ಒಳಗೆ ಬೆಂಕಿಯ ಝಳ ಮೇಲೇರಲು ತೂತುಬಿಟ್ಟ ನೆಲ. ಅಜ್ಜ ಕಟ್ಟಿದ್ದು, ಅಪ್ಪ ಮೆತ್ತಿದ್ದು, ಇವನು ಪ್ರತಿವರ್ಷ ಬಿರುಕಿಗೆ ಮಣ್ಣು ತುಂಬಿ ಬೀಳದ ಹಾಗೆ ನೋಡಿಕೊಂಡು ಬಂದದ್ದು. ಸುತ್ತಿನ ಊರುಗಳಲ್ಲಿ ಹೆಂಚು ಸುಡುವವನೆಂದರೆ ಈಗ ಇವನೊಬ್ಬನೇ. ಜನ ತಗಡಿನ ಕಡೆ ಹೊರಳಿ ಎಷ್ಟೋ ಕಾಲವಾಗಿತ್ತು. ಆ ಬೇಸಗೆಯಲ್ಲಿ ಮಾತ್ರ ಬಡಗಿಯೊಬ್ಬ ತಾನು ಕಟ್ಟಿಸುತ್ತಿದ್ದ ಮನೆಗೆ ಹೆಂಚೇ ಬೇಕೆಂದು ಹಟ ಹಿಡಿದಿದ್ದ. ಬಡಗಿಯ ಮನೆ ಎಂದರೆ ನಾಲ್ಕು ಜನ ಬಂದು ನೋಡುವ ಮನೆ. ಅದರ ಮೇಲೆ ಹೆಂಚು ಚೆನ್ನಾಗಿ ಕೂತರೆ ಇನ್ನೊಬ್ಬರು ಕೇಳಬಹುದು, ಆಮೇಲೆ ಮತ್ತೊಬ್ಬರು. ಗಂಡ ಹೆಂಡತಿ ಇಬ್ಬರೂ ಸೊಂಟ ಬಗ್ಗಿಸಿ ಅಚ್ಚಿನ ಮೇಲೆ ತಟ್ಟಿದ ಹಸಿ ಹೆಂಚು ಚಪ್ಪರದಡಿ ಸಾಲುಸಾಲಾಗಿ ಒಣಗುತ್ತಿತ್ತು. ಮಳೆ ಹಿಡಿಯುವ ಮೊದಲು ಆವಿಗೆಗೆ ಪೇರಿಸಿ ಒಂದು ಬೆಂಕಿ ಹಾಕಿದರೆ ಮುಗಿಯಿತು.

ಆ ನಡುವೆ ಹೆಂಚಿನವನು ರಸ್ತೆ ದಾಟಿ ಡೇರೆಯ ಕಡೆ ಹೋಗುವುದನ್ನು ರೂಢಿಮಾಡಿಕೊಂಡ. ಮೊದಲ ದಿನ ದೂರ ನಿಂತು ನೋಡಿದ. ಗುಂಡಿಯ ತಳದಲ್ಲಿ ಒಂದು ಹಳೆಯ ಆವಿಗೆಯ ನೆಲ ಕಾಣಿಸಿತು. ಅದೇ ದುಂಡು, ಅದೇ ತೂತು, ಬಾಯಿ ಕೂಡ ಗಾಳಿ ಬೀಸುವ ಅದೇ ದಿಕ್ಕಿಗೆ. ಯಾವುದೋ ಪರವೂರಿನ ಸಂತೆಯಲ್ಲಿ ಅಪ್ಪನ ಮುಖದವನನ್ನೇ ಕಂಡ ಹಾಗಾಯಿತು. ಎಲ್ಲರೂ ಮೇಡಂ ಎನ್ನುತ್ತಿದ್ದ ಅಗೆತದ ಅಧಿಕಾರಿಣಿ ಅವನ ಕಸುಬು ಕೇಳಿ ತಿಳಿದು, ಒಂದು ಮಡಚುವ ಕುರ್ಚಿ ತರಿಸಿ ಕೂರಿಸಿದರು. ಕಟ್ಟಿಗೆ ಯಾವುದು, ಬೆಂದದ್ದು ಹೇಗೆ ತಿಳಿಯುತ್ತದೆ, ಒಡೆದ ಮಾಲನ್ನು ಎಲ್ಲಿ ಸುರಿಯುತ್ತೀರಿ ಎಂದೆಲ್ಲ ಕೇಳಿದರು. ಅವನು ಹೇಳಿದ್ದಕ್ಕೆ ತಲೆದೂಗಿದರು. ಅವನ ಮಾತಿಗೆ ಯಾರಾದರೂ ತಲೆದೂಗಿ ಬಹಳ ವರ್ಷಗಳಾಗಿದ್ದವು. ಮನೆಗೆ ಬಂದು ಅದನ್ನೇ ಹೇಳುತ್ತ ಕೂತರೆ ಹೆಂಡತಿ ಹೆಂಚು ಮಗುಚಿಹಾಕುತ್ತ, ಅವರು ಹೇಳೋದನ್ನ ಕೇಳಿಸ್ಕೊಂಡು ಬನ್ನಿ, ನಿಮ್ಮದನ್ನ ಹೇಳೋಕೆ ಹೋಗ್ಬೇಡಿ ಎಂದಳು. ಅವನು ನಕ್ಕ.

ಆ ವರ್ಷದ ಕೆಲಸ ಮುಗಿಯುತ್ತ ಬಂದಿತ್ತು. ಡೇರೆಯ ಗೂಟ ಕೀಳುವ ಮಾತು ನಡೆಯುತ್ತಿದ್ದಾಗ ಮೇಡಂ ಅವನ ಮುಂದೆ ಒಂದು ಕೊರಗು ತೋಡಿಕೊಂಡರು. ಇಷ್ಟು ದೊಡ್ಡ ಚೂರಿನ ರಾಶಿಗೆ ಒಂದು ಆವಿಗೆ ಸಾಲುವುದಿಲ್ಲ, ಸುತ್ತಲೂ ಅಗೆದು ನೋಡಿದ್ದಾಯಿತು, ಉಳಿದವು ಎಲ್ಲಿ ಹೋದವೋ ತಿಳಿಯಲಿಲ್ಲ ಎಂದರು. ಅವರು ಅವನನ್ನು ಕೇಳಿರಲಿಲ್ಲ. ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಅವನು ಎದ್ದು ಬರಬಹುದಿತ್ತು.

"ಎಲ್ಲೂ ಹೋಗಿಲ್ಲ ಮೇಡಂ" ಎಂದ. "ನಾನು ಅವುಗಳ ಮೇಲೇ ಬೆಂಕಿ ಹಾಕ್ತಾ ಇದೀನಿ."

ಆಮೇಲೆ ಅವನ ಮಾತಿಗೆ ತಡೆಯಿರಲಿಲ್ಲ. ಹಸಿ ನೆಲ ನೀರು ಕುಡಿದಿರುತ್ತದೆ, ಅದರ ಮೇಲೆ ಆವಿಗೆ ಕಟ್ಟಿದರೆ ಕಟ್ಟಿಗೆಯೆಲ್ಲ ನೆಲ ಒಣಗಿಸುವುದಕ್ಕೇ ಸರಿಹೋಗಿ ಹೆಂಚು ಅರೆಬೆಂದು ಉಳಿಯುತ್ತದೆ. ಒಮ್ಮೆ ಬೆಂದ ನೆಲವನ್ನು ಈ ಕಸುಬಿನ ಯಾರೂ ಬಿಟ್ಟುಕೊಡುವುದಿಲ್ಲ. ಗೋಡೆ ಹಳತಾದರೆ ಕೆಡವಿ, ಬೂದಿ ಗುಡಿಸಿ, ಅದೇ ನೆಲದ ಮೇಲೆ ಹೊಸದನ್ನು ಎಬ್ಬಿಸುತ್ತಾರೆ. ಅಜ್ಜ ಬಾಯಿ ತೋಡುವಾಗ ಅದರ ಕೆಳಗೆ ಇನ್ನೊಂದು ಬಾಯಿ ಕಂಡಿದ್ದನಂತೆ, ಅದರ ಕೆಳಗೆ ಮತ್ತೊಂದು. ಹಾಗಾದರೆ ಹೊಲದಲ್ಲಿ ಸಿಕ್ಕ ಈ ಒಂಟಿ ಆವಿಗೆ ಯಾರದು ಎಂದು ಯಾರೋ ಕೇಳಿದರು.

"ಇದು ಭಾಗ ಆಗಿ ಬೇರೆ ಹೋದ ತಮ್ಮನದಿರಬೇಕು" ಎಂದ. ಡೇರೆಯ ತುಂಬ ನಗು. ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದು ಅವನು ರಸ್ತೆ ದಾಟಿ ಮನೆಗೆ ಬಂದದ್ದು ನೆಲದ ಮೇಲೆ ಕಾಲಿಟ್ಟೋ ಇಲ್ಲವೋ.

ಅವರು ಗೂಟ ಕೀಳಲಿಲ್ಲ. ವಾರ ಕಳೆಯುವುದರೊಳಗೆ ಹಿತ್ತಲಿನ ನಡುವೆ ತಂತಿಬೇಲಿ ಬಂತು, ಆವಿಗೆಯ ಗೋಡೆಗೆ ಹಗ್ಗ ಸುತ್ತಿಕೊಂಡಿತು. ಅದು ಇನ್ನು ಸರ್ಕಾರ ಕಾಯುವ ಜಾಗ, ಅಲ್ಲಿ ಬೆಂಕಿ ಹಾಕಕೂಡದು, ಕೆರೆಯಂಚಿನಲ್ಲಿ ಬೇರೆ ಜಾಗ ಕೊಡುತ್ತಾರೆ ಎಂಬ ಸುದ್ದಿ ತಂದವನು ರೇಡಿಯೋನೇ. ಅವತ್ತು ಮಾತ್ರ ಅವನು ಬೇಗ ಮಾತು ಮುಗಿಸಿದ.

ಹೆಂಡತಿ ಕೂಗಾಡಲಿಲ್ಲ. ಕೈಯ ಮಣ್ಣನ್ನು ಬೆರಳು ಬೆರಳಿಗೂ ಒರೆಸಿಕೊಳ್ಳುತ್ತ ಗಂಡನ ಮುಖ ನೋಡಿ, "ಒಂದು ಕುರ್ಚಿಗೆ ಆವಿಗೆ ಕೊಟ್ಬಿಟ್ರಲ್ಲ" ಎಂದಳು.

ಅವನು ಮೇಡಂ ಹತ್ತಿರ ಹೋಗಿ ಕೇಳಿದ್ದು ಒಂದೇ ಒಂದು ಬೆಂಕಿ. ಹೆಂಚು ಒಣಗಿ ಕೂತಿದೆ, ಇದೊಂದನ್ನು ಸುಟ್ಟುಕೊಂಡುಬಿಡುತ್ತೇನೆ, ಆಮೇಲೆ ನೀವುಂಟು ನಿಮ್ಮ ಆವಿಗೆಯುಂಟು ಎಂದ. ಮೇಡಂ ಕೆಟ್ಟವರಲ್ಲ. ನಿಜವಾಗಿಯೂ ಮುಖ ಸಣ್ಣದು ಮಾಡಿಕೊಂಡರು. ಕೆಳಗಿನ ಮಣ್ಣು ಕಡೆಯ ಸಲ ಯಾವಾಗ ಬೆಂದಿತೆಂಬ ಗುರುತು ಅದರೊಳಗೇ ಉಳಿದಿರುತ್ತದೆ, ಮತ್ತೆ ಕಾವು ತಾಕಿದರೆ ಅದು ಅಳಿಸಿಹೋಗುತ್ತದೆ ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

"ಇಷ್ಟು ವರ್ಷ ನಾವು ಸುಟ್ಟಿಲ್ವಾ ಮೇಡಂ?"

"ಅದಕ್ಕೇ ಇನ್ನು ಬೇಡ ಅಂತಿರೋದು."

ಅವನು ಎದ್ದ. ಕೂತಿದ್ದ ಕುರ್ಚಿಯನ್ನು ತಾನೇ ಮಡಚಿ ಡೇರೆಯ ಗೋಡೆಗೆ ಒರಗಿಸಿ ಬಂದ.

ಆವಿಗೆ ಬಿಚ್ಚುವ ದಿನ ಅವನು ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಕೆಳಗಿನದನ್ನು ಮುಟ್ಟಲು ಕುಂಚ, ಮೇಲಿನದನ್ನು ಮುಟ್ಟಲು ಗುದ್ದಲಿ. ಮೊದಲ ಪೆಟ್ಟು ರೇಡಿಯೋನ ಪಾಲಿಗೆ ಬಂತು. ಅವನು ಭಾವನ ಕಡೆ ತಿರುಗಿ ನೋಡದೆ ಬೆನ್ನು ಹಾಕಿಯೇ ಅಗೆದ. ಅಜ್ಜನ ಗೋಡೆ ಬುಟ್ಟಿಬುಟ್ಟಿಯಾಗಿ ಹೋಗಿ ಬೇಲಿಯ ಮೂಲೆಯ ಕಸದ ಗುಡ್ಡೆಗೆ ಬಿತ್ತು. ಅದಕ್ಕೆ ಒಂದು ಚೀಟಿ ಸಿಕ್ಕಿಸಿದ್ದರು. ಏನು ಬರೆದಿದೆ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗಿಯೊಬ್ಬಳು, ಮೇಲಿನ ಪದರ, ಈಚಿನದು ಎಂದು ಓದಿ ಹೇಳಿದಳು. ಅದರಿಂದ ಒಂದು ಚೂರನ್ನೂ ಯಾರೂ ತೊಳೆಯಲಿಲ್ಲ, ಯಾವುದಕ್ಕೂ ನಂಬರು ಬೀಳಲಿಲ್ಲ.

ಕೆರೆಯಂಚಿನ ಜಾಗಕ್ಕೆ ಹೋಗಿ ಅವನು ಒಂದು ಮೊಳ ಅಗೆದ. ಹೆಜ್ಜೆ ಎತ್ತಿದ ಕಡೆ ನೀರು ಜಿನುಗಿತು. ಸುಮ್ಮನೆ ನೋಡುತ್ತ ನಿಂತವನಿಗೆ ಒಂದು ದಾರಿ ಹೊಳೆಯಿತು. ಬೆಂದ ಇಟ್ಟಿಗೆಯನ್ನು ದಪ್ಪಗೆ ಹಾಸಿ ಅದರ ಮೇಲೆ ಕಟ್ಟಿದರೆ ತೇವ ಮೇಲೇರಲಾರದು. ಬೆಂದ ಇಟ್ಟಿಗೆ ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಿಲ್ಲ, ಅಜ್ಜನ ಗೋಡೆಯದು ಕಸದ ಗುಡ್ಡೆಯಲ್ಲೇ ಬಿದ್ದಿದೆ. ಆಕಾಶ ಆಗಲೇ ಕಟ್ಟಿತ್ತು, ಆದರೂ ಮಳೆ ತುಸು ತಡೆದರೆ ಬಡಗಿಯ ಹೆಂಚು ಉಳಿಯುತ್ತದೆ. ಮಧ್ಯಾಹ್ನ ಊಟಕ್ಕೂ ಕೂರದೆ ಬುಟ್ಟಿ ಹಿಡಿದು ಬೇಲಿಯ ಬಾಗಿಲಿಗೆ ಹೋದ. ಅಲ್ಲಿ ಕಾವಲಿಗಿದ್ದವನು ರೇಡಿಯೋ. ಅಗೆತ ಕಡಿಮೆಯಾದ ಮೇಲೆ ಅವನಿಗೆ ಒಂದು ಟೋಪಿ, ಒಂದು ಸೀಟಿ ಕೊಟ್ಟು ನಿಲ್ಲಿಸಿದ್ದರು.

ಬುಟ್ಟಿ ಅರ್ಧ ತುಂಬುವವರೆಗೆ ರೇಡಿಯೋ ಬೇರೆ ಕಡೆ ನೋಡುತ್ತಿದ್ದ. ಆಮೇಲೆ ಹತ್ತಿರ ಬಂದು ಬುಟ್ಟಿಯ ಅಂಚು ಹಿಡಿದುಕೊಂಡ.

"ಬೇಡ ಭಾವ. ಒಂದು ಚೂರೂ ಆಚೆ ಹೋಗ್ಬಾರ್ದು ಅಂತ ಹೇಳಿದಾರೆ."

"ಇದು ಕಸ ಕಣೋ. ನೀನೇ ತಾನೆ ತಂದು ಸುರಿದಿದ್ದು?"

"ಕಸಾನೇ" ಎಂದ ರೇಡಿಯೋ. "ಆದ್ರೆ ಸರ್ಕಾರದ ಕಸ."

ಎಂದಿನ ಹಾಗೆ ನಗಿಸಲು ಹೊರಟು, ನಡುವೆಯೇ ಅವನ ಮುಖ ಸಪ್ಪಗಾಯಿತು. ಈ ಟೋಪಿಯಿಂದಲೇ ತನ್ನ ಮನೆಯ ಒಲೆ ಉರಿಯುತ್ತಿದೆ, ಅಕ್ಕನಿಗೆ ಹೇಳಬೇಡ ಎಂದು ಮೆಲ್ಲಗೆ ಸೇರಿಸಿದ. ಹೆಂಚಿನವನು ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದ. ಚೂರುಗಳ ನಡುವೆ ಹೊಗೆ ಹಿಡಿದು ಕಪ್ಪಾದ ಒಂದು ಮೆತ್ತುಮಣ್ಣಿನ ತುಂಡು ಉರುಳಿತು. ಅದರ ಮೇಲೆ ಅಂಗೈಯ ಅಚ್ಚಿತ್ತು, ಹೆಬ್ಬೆರಳು ತುಸು ಸೊಟ್ಟ. ಅಪ್ಪನ ಕೈ. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಮೈದುನನ ಕಣ್ಣು ನೋಡಿ ಹಾಗೆಯೇ ನೆಟ್ಟಗಾದ.

ಬಡಗಿ ಮಳೆಗೆ ಹೆದರಿ, ಇನ್ನು ಕಾಯಲಾರದೆ ತಗಡು ಹೊದಿಸಿದ. ಹಾದಿಯಲ್ಲಿ ಸಿಕ್ಕಾಗ ಬೇಜಾರು ಮಾಡ್ಕೋಬೇಡಪ್ಪ ಎಂದು ಕೈ ಹಿಡಿದುಕೊಂಡ. ಇವನು ಅವನನ್ನೇ ಸಮಾಧಾನ ಮಾಡಿ ಕಳಿಸಬೇಕಾಯಿತು.

ಮೊದಲ ಮಳೆಗೆ ಚಪ್ಪರದ ಒಂದು ಮಗ್ಗುಲು ಸೋರಿ ಆ ಸಾಲಿನ ಹೆಂಚು ಅಂಟಿಕೊಂಡು ಮುದ್ದೆಯಾಗಿತ್ತು. ಬೆಳಿಗ್ಗೆ ಹೆಂಡತಿ ಉಳಿದವನ್ನೂ ಒಂದೊಂದಾಗಿ ತಂದು ಮಣ್ಣು ನೆನೆಹಾಕುವ ಗುಂಡಿಗೆ ಬಿಡತೊಡಗಿದಳು. ಹಸಿ ಹೆಂಚು ನೀರಿಗೆ ಬಿದ್ದು ಒಂದು ಗಳಿಗೆ ಹೆಂಚಾಗಿಯೇ ಇರುತ್ತದೆ. ಆಮೇಲೆ ಅಂಚಿನಿಂದ ಗುಳ್ಳೆ ಎದ್ದು ತಾನಾಗಿ ಕರಗುತ್ತದೆ. ಅವನು ಅಭ್ಯಾಸಬಲದಿಂದ ಗುಂಡಿಗೆ ಇಳಿದು ತುಳಿಯಲು ಶುರುಮಾಡಿದ.

"ಯಾರಿಗೋಸ್ಕರ ಹದ ಮಾಡ್ತಿದೀರಿ?" ಎಂದಳು. ಅವನ ಕಾಲು ನಿಂತಿತು.

ಅಷ್ಟರಲ್ಲಿ ರೇಡಿಯೋ ಬೇಲಿಯಾಚೆಯಿಂದ ಕರೆದ. ನೋಡುವುದಕ್ಕೆ ದೊಡ್ಡವರು ಬಂದಿದ್ದಾರೆ, ಹೇಗೆ ಸುಡುತ್ತಿದ್ದರೆಂದು ಭಾವನೇ ಹೇಳಬೇಕಂತೆ, ಮೇಡಂ ಕುರ್ಚಿ ಹಾಕಿಸಿದ್ದಾರೆ ಎಂದ. ಹೆಂಚಿನವನು ಹೆಂಡತಿಯ ಕಡೆ ನೋಡಿದ.

"ಹೋಗಿ" ಎಂದಳು ಅವಳು, ಇನ್ನೊಂದು ಹೆಂಚು ಎತ್ತಿಕೊಳ್ಳುತ್ತ. "ಕುರ್ಚಿ ಆರಿಹೋಗುತ್ತೆ."

ಅವನು ಕಾಲು ತೊಳೆದುಕೊಂಡು ಹೋದ. ಆವಿಗೆ ಇದ್ದ ಕಡೆ ಈಗ ಆಳದ ಗುಂಡಿ, ಮೇಲೆ ಒಳ್ಳೆಯ ಚಪ್ಪರ, ಅವನ ಚಪ್ಪರಕ್ಕಿಂತ ಗಟ್ಟಿಯದು, ಒಂದು ಹನಿಯೂ ಸೋರಿರಲಿಲ್ಲ. ತಳದಲ್ಲಿ ಕೆಂಪು ಬಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಹಳೆಯ ಆವಿಗೆಗಳು, ಅವನು ಹೇಳಿದಂತೆಯೇ. ಅವನು ಕುರ್ಚಿಯಲ್ಲಿ ಕೂತು ಹಸಿ ನೆಲದ ಮಾತು, ಬೆಂದ ನೆಲದ ಮಾತು ಎಲ್ಲ ಹೇಳಿದ. ಭಾಗವಾದ ತಮ್ಮನ ಮಾತನ್ನು ಮೇಡಂ ನೆನಪುಮಾಡಿದರು, ಅದನ್ನೂ ಹೇಳಿದ. ಬಂದವರು ನಕ್ಕರು. ಅವರಲ್ಲಿ ವಯಸ್ಸಾದ ಒಬ್ಬರು ಗುಂಡಿಗೆ ಬಗ್ಗಿ, ಇದರಲ್ಲಿ ಎಲ್ಲಕ್ಕಿಂತ ಕಡೆಯದು ಯಾವುದಪ್ಪಾ ಎಂದು ಕೇಳಿದರು.

ಬೇಲಿಯಾಚೆಯಿಂದ ಹೆಂಚು ನೀರಿಗೆ ಬೀಳುವ ಸದ್ದು ಬರುತ್ತಲೇ ಇತ್ತು.

"ಕಡೆಯದು ಇದರ ಮೇಲಿತ್ತು ಸ್ವಾಮಿ" ಎಂದ ಅವನು, ಆ ಸದ್ದು ಅವರಿಗೆ ಕೇಳದ ಹಾಗೆ ತುಸು ದನಿಯೆತ್ತಿ. "ಅದು ಮೇಲಿನ ಪದರ. ತೆಗೆದುಹಾಕಿದಾರೆ."