ಬಸುರಿಯ ಪಾಲು

“ಹನ್ನೊಂದು ವರ್ಷ ಅಂತೆ! ಯಾರ ಕಿವಿಗೆ ಹೂ ಇಡ್ತೀಯೇ, ಲೌಡಿ? ಇದು ಆರೂ ದಾಟಿಲ್ಲ.”

ಇಟ್ಟಿಗೆ ಗೂಡಿನ ಕಚೇರಿ ಗೋಡೆಗೆ ಒತ್ತಿ ನಿಲ್ಲಿಸಿದ್ದ ಹುಡುಗಿಯ ನೆತ್ತಿಯ ಮೇಲೆ, ತಪಾಸಣೆಗೆ ಬಂದ ಡಾಕ್ಟರು ಅಳತೆಪಟ್ಟಿ ಕುಟ್ಟಿದರು. ಪಕ್ಕದಲ್ಲಿ ಮೇಸ್ತ್ರಿ ಹಲ್ಲು ಕಿರಿದ.

“ಹನ್ನೊಂದೇ ಸ್ವಾಮಿ,” ಎಂದಳು ತಾಯಿ. ಕೈಯ ಮಣ್ಣು ಇನ್ನೂ ಒಣಗಿರಲಿಲ್ಲ.

“ಹೆರೋಕೆ ಬರುತ್ತೆ, ಕೂಳು ಹಾಕೋಕೆ ಬರಲ್ವಾ?”

“ನನ್ನ ಪಾಲಿಂದೂ ತಿನ್ಸಿ ಸಾಕಿದೀನಿ. ಮೈಗೆ ಹತ್ಲಿಲ್ಲ.”

“ಹುಟ್ಟಿದಾಗ ತೂಕ?”

“ಹಸಿ ಇಟ್ಟಿಗೆಗಿಂತ ಹಗುರ ಇದ್ಲು.”

ದಿನಕ್ಕೆ ಸಾವಿರ ಇಟ್ಟಿಗೆ ಎತ್ತುವ ಕೈ. ಅದಕ್ಕೆ ತಕ್ಕಡಿ ಬೇಕಿರಲಿಲ್ಲ.

ಡಾಕ್ಟರು ತಲೆಯೆತ್ತದೆ ಬರೆದುಕೊಂಡರು. “ಹಾಗಾದ್ರೆ ಹೊಟ್ಟೇಲಿದ್ದಾಗ್ಲೇ ಕೊರತೆ. ಬಸುರಿ ಅರೆಹೊಟ್ಟೇಲಿದ್ರೆ ಕೂಸಿನ ಮೂಳೆ ಎಲ್ಲಿಂದ ಬೆಳೀಬೇಕು? ಆಮೇಲೆ ಎಷ್ಟು ಸುರಿದ್ರೂ ಅದು ಪೂರ್ತಿ ತುಂಬಲ್ಲ. ಮುಂದಿನವರು ಬನ್ನಿ.”

“ಬಿಡಿ ಸಾರ್,” ಎಂದ ಮೇಸ್ತ್ರಿ, “ಗಿಡ್ಡಿ ನಮ್ಗೆ ಹೇಳಿ ಮಾಡಿಸಿದ ಹಾಗಿದಾಳೆ. ಗೂಡಿನ ಕಿಂಡೀಲಿ ತೂರಿ ಬೂದಿ ಕೆರೀತಾಳೆ. ದೊಡ್ಡೋರು ಹಿಡಿಸಲ್ಲ.”

ತಾಯಿ ಮಗಳ ಕೈ ಹಿಡಿದು ಹೊರಗೆ ಬಂದಳು.

ಗೂಡಿನಲ್ಲಿ ಎಲ್ಲರಿಗೂ ಒಂದೇ ಒಲೆ. ಬಡಿಸುವವಳು ಮೇಸ್ತ್ರಿಯ ಹೆಂಡತಿ. ಐದು ತಿಂಗಳು ತುಂಬಿದ ಬಸುರಿಗೆ ಅರ್ಧ ಸೌಟು. ಕೂಸು ಚಿಕ್ಕದಾದರೆ ಹೆರಿಗೆ ಸಲೀಸು, ಎಂಟನೆಯ ದಿನಕ್ಕೆ ಮಣ್ಣು ತುಳಿಯಬಹುದು ಎಂಬುದು ಬಡಿಸುವವಳ ಮಾತು. ತಾಯಿಯೂ ಅದನ್ನು ನಂಬಿದ್ದಳು. ಸಲೀಸಾಗಿ ಹೆತ್ತು, ಆ ಹೆಂಗಸಿನ ಕಾಲಿಗೂ ಬಿದ್ದಿದ್ದಳು. ನಿನ್ನೆ ತಾನೇ ತಮ್ಮನ ಹೆಂಡತಿಗೆ, ಏಳು ತಿಂಗಳ ಬಸುರಿಗೆ, ಹೇಳಿದ್ದಳು: ಕಮ್ಮಿ ತಿನ್ನೇ, ಸುಲಭ ಆಗುತ್ತೆ.

ಮಧ್ಯಾಹ್ನ ಗಂಜಿಯ ಸಾಲಿನಲ್ಲಿ ಆ ಬಸುರಿ ತಟ್ಟೆ ಹಿಂದೆಗೆಯದೆ ನಿಂತಿದ್ದಳು.

“ಅಮ್ಮಾವ್ರೇ, ಇನ್ನೊಂಚೂರು...”

“ಆನೆಮರಿ ಹೆರ್ತೀಯೇನೇ? ನಡಿ ಆಚೆ.”

ತಾಯಿ ಸಾಲು ಬಿಟ್ಟು ಮುಂದೆ ಬಂದು ಸೌಟು ಕಿತ್ತುಕೊಂಡಳು. ತಟ್ಟೆ ತುಂಬಿತು.

“ಅತ್ತಿಗೆ, ನೀವೇ ಅಂದಿದ್ರಲ್ಲಾ...”

“ನನ್ನ ಬಾಯಿಗೆ ಮಣ್ಣು ಹಾಕ. ಕೂತ್ಕೊಂಡು ತಿನ್ನು.”

ಮೇಸ್ತ್ರಿ ದೊಣ್ಣೆ ಹಿಡಿದು ಓಡಿ ಬಂದ. “ಸೌಟು ಇಡೇ, ಬೋಳಿ! ನಾಳೆಯಿಂದ ಒಬ್ಬರಿಗೂ ಒಲೆ ಹಚ್ಚಲ್ಲ.”

ಅವಳು ಕುದಿಯುವ ಗಂಜಿಯನ್ನು ಸೌಟಿನ ತುಂಬ ತೆಗೆದು ಅವನ ಮುಖದ ಎತ್ತರಕ್ಕೆ ಹಿಡಿದಳು.

“ಇನ್ನೊಂದು ಹೆಜ್ಜೆ ಇಡೋ, ಬೇವರ್ಸಿ.”

ಅವನು ನಿಂತ. ಅವಳ ಬೆನ್ನ ಹಿಂದೆ ಬಸುರಿ, ನಾಲಿಗೆ ಸುಟ್ಟರೂ ಊದದೆ, ತಟ್ಟೆಯನ್ನೇ ಎತ್ತಿ ಕುಡಿಯುತ್ತಿದ್ದಳು.