ಅಕ್ಕನ ಜಾಗಕ್ಕೆ ತಂಗಿ

ಅತ್ತೆ ಮಾತಿಗೆ ಕೂತಳೆಂದರೆ ಆ ಮನೆಯಲ್ಲಿ ಉಳಿದವರಿಗೆ ಕಿವಿಯೊಂದಿದ್ದರೆ ಸಾಕಿತ್ತು, ಬಾಯಿಯ ಅಗತ್ಯ ಬೀಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು, ತಮ್ಮನ ಹೆಂಡತಿಯೂ ಹೋದ ಮೇಲೆ ಆ ಮನೆಯ ಬೀಗದ ಕೈಗಳನ್ನೂ ಅಭಿಪ್ರಾಯಗಳನ್ನೂ ಒಟ್ಟಿಗೇ ವಹಿಸಿಕೊಂಡಿದ್ದಳು. ಆ ತಮ್ಮನೋ, ಬದುಕೆಲ್ಲ ಅಂಚೆ ಕಚೇರಿಯಲ್ಲಿ ಕಾಗದಗಳ ಮೇಲೆ ಮುದ್ರೆ ಒತ್ತಿ ನಿವೃತ್ತನಾದವನು. ಮನೆಯಲ್ಲೂ ಅವನದು ಅದೇ ಕೆಲಸ. ಅಕ್ಕ ಹೇಳಿದ್ದಕ್ಕೆಲ್ಲ ‘ಹ್ಞೂಂ’ ಎಂಬ ಮುದ್ರೆ ಒತ್ತುತ್ತಿದ್ದ.

ಅವನಿಗೆ ಮೂವರು ಹೆಣ್ಣುಮಕ್ಕಳು, ಅವರಿಗೆ ಇವಳು ಸೋದರತ್ತೆ. ಹಿರಿಯಳನ್ನು ಪಕ್ಕದ ಬೀದಿಯ ಕಬ್ಬಿಣದಂಗಡಿಯವನಿಗೆ ಕೊಟ್ಟಿದ್ದರು. ನಡುವಿನವಳು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದಳು. ಹದಿನೆಂಟರ ಕಿರಿಯಳು ಶಿಕ್ಷಕಿಯರ ತರಬೇತಿಗೆ ಆಗಷ್ಟೇ ಸೇರಿದ್ದಳು. ಪಾಠ ಹೇಳುವ ಅಭ್ಯಾಸಕ್ಕೆಂದು ಸಂಜೆ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳನ್ನೇ ಗದರಿಸುತ್ತಿದ್ದಳು.

ಎರಡನೆಯ ಹೆರಿಗೆಯಲ್ಲಿ ಹಿರಿಯಳು ಹೋದಳು. ಹುಟ್ಟಿದ ಗಂಡು ಕೂಸು ಉಳಿಯಿತು. ಅದರ ಅಕ್ಕ ಇನ್ನೂ ಸರಿಯಾಗಿ ಮಾತು ಬಾರದ ಮಗು. ಮನೆಯಲ್ಲಿ ಅಳುವಿನ ಸದ್ದು ಪೂರ್ತಿ ಅಡಗಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಬಟಾಣಿ ಸುಲಿಯುತ್ತಾ, ಸಂತೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು:

“ಕಬ್ಬಿಣದಂಗಡಿಯವರು ಕೇಳಿ ಕಳಿಸಿದ್ರು. ಕಿರಿಯಳನ್ನ ಕೊಡ್ತೀವಿ ಅಂತ ಮಾತು ಕೊಟ್ಟೆ.”

ನಡುವಿನವಳಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. “ಯಾರನ್ನ ಕೇಳಿ ಕೊಟ್ರಿ, ಅತ್ತೆ?”

“ಕೇಳೋದೇನು ಬಂತು? ಅಕ್ಕ ಹೋದ್ರೆ ಆ ಜಾಗಕ್ಕೆ ತಂಗಿ. ನಮ್ಮಲ್ಲಿ ಹಿಂದಿನಿಂದ ನಡ್ಕೊಂಡು ಬಂದಿರೋದು. ನನ್ನ ಹೆತ್ತಮ್ಮ ಸತ್ತಾಗ ಅವಳ ತಂಗಿ ಬರ್ಲಿಲ್ವಾ? ನಿಮ್ಮಪ್ಪನ್ನ ಹೆತ್ತವಳೇ ಅವಳು, ನಿಮ್ಮಜ್ಜಿ. ಹದಿನಾಲ್ಕು ವರ್ಷದ ಹುಡುಗಿ, ನಗುನಗ್ತಾ ಗಾಡಿ ಹತ್ತಿ ಬಂದ್ಳು. ಬಿಳಿ ದೊರೆಗಳ ಕಾಲ, ಹತ್ತಿ ಹೊಲ, ಕಷ್ಟದ ದುಡಿಮೆ. ಒಂದು ದಿನ ಮುಖ ಗಂಟು ಹಾಕ್ಕೊಳ್ಳಲಿಲ್ಲ ಪುಣ್ಯಾತ್ಗಿತ್ತಿ. ಜ್ವರ ಬಂತು, ಹೋದ್ಳು.”

“ಆಮೇಲೆ ಆ ಜಾಗಕ್ಕೆ ಯಾರು ಬಂದ್ರು?”

“ಇನ್ನೊಬ್ಳು ತಂಗಿ ಇದ್ಳು. ಅವಳ ಹಣೇಲಿ ಬರೆದಿರ್ಲಿಲ್ಲ, ಕಾಲುವೆ ಪಾಲಾದ್ಳು.”

“ಕಿರಿಯಳು ಓದ್ತಾ ಇದಾಳೆ ಅತ್ತೆ. ಅಷ್ಟು ಬೇಕಿದ್ರೆ ನನ್ನನ್ನ ಯಾಕೆ ಕೇಳ್ಲಿಲ್ಲ?”

“ನಿನ್ನ ನಾಲಗೆ ನಿನ್ನ ಕತ್ತರಿಗಿಂತ ಉದ್ದ ಅಂತ ಊರಿಗೇ ಗೊತ್ತು. ಅವರು ಬೇಡ ಅಂದ್ರು.”

ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ನಡುವಿನವಳು ಅವನತ್ತ ತಿರುಗಿದಳು. “ಅಪ್ಪಾ, ನಿಮ್ಮಮ್ಮ ನಿಜವಾಗಿ ಹೇಗೆ ಸತ್ತಳು?”

“ನಾನಾಗ ಹಸುಗೂಸು. ಜ್ವರ ಅಂತಾರೆ.”

“ಆ ಊರಿಗೆ ಹೋಗಿ ಯಾರನ್ನಾದ್ರೂ ಕೇಳಿದ್ರಾ?”

“ಹೋಗೋಕೆ ಬಸ್ಸೇನೋ ಇದೆ,” ಎಂದ ಅಪ್ಪ. ಇಡೀ ದೇಶದ ಊರುಗಳ ಹೆಸರಿಗೆ ಮುದ್ರೆ ಒತ್ತಿದವನಿಗೆ ತಾಯಿ ಸತ್ತ ಊರಿಗೆ ಬಸ್ಸು ಹತ್ತಲು ಅರವತ್ತು ವರ್ಷ ಸಾಲದೆ ಹೋಗಿತ್ತು.

ನಡುವಿನವಳು ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದಳು. ಅಜ್ಜಿ ಒಲ್ಲೆನೆಂದು ಒಂದು ಮಾತಾದರೂ ಆಡಿದ್ದಳೆಂದು ತಿಳಿದರೆ, ಅಷ್ಟನ್ನೇ ಹಿಡಿದು ಅತ್ತೆಯ ಬಾಯಿ ಕಟ್ಟಬಹುದೆಂಬ ಆಸೆ ಅವಳಿಗಿತ್ತು.

ಅದು ದೊರೆಗಳು ಅಳತೆಪಟ್ಟಿ ಹಿಡಿದು ಗೀಚಿದ ಸೀಮೆ. ದಾರಿಗಳು ನೆಟ್ಟಗೆ, ಕಾಲುವೆಗಳು ನೆಟ್ಟಗೆ, ಹೊಲಗಳು ಚೌಕ. ಹೊಲದ ಮೂಲೆಗಳಲ್ಲಿ ಕಲ್ಲುಗಳಿದ್ದವು, ಕಲ್ಲುಗಳ ಮೇಲೆ ಸಂಖ್ಯೆಗಳಿದ್ದವು. ದೊರೆಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಊರು ಇನ್ನೂ ಅವರ ಎದುರು ಕೈಕಟ್ಟಿ ನಿಂತಂತಿತ್ತು. ಹತ್ತಿಯಿಂದ ಬೀಜ ಬಿಡಿಸುವ ಗಿರಣಿ ಮುಚ್ಚಿತ್ತು. ಅದರ ಹಿಂದೆ ತಗಡಿನ ಸಾಲುಮನೆಗಳಲ್ಲಿ ಹಳೆಯ ಕೂಲಿಗಳ ಸಂಸಾರಗಳು ಉಳಿದಿದ್ದವು. ಗೇಟಿನ ಕಾವಲುಗಾರ ಕೊನೆಯ ಮನೆಯತ್ತ ಕೈ ತೋರಿಸಿದ. “ದೊರೆ ಕಾಲದ್ದು ಕೇಳ್ಬೇಕಾದ್ರೆ ಮೋಟುಬೆರಳಜ್ಜಿ ಒಬ್ಳೇ ಉಳಿದಿರೋದು. ಜೋರಾಗಿ ಮಾತಾಡಿ. ಕಿವಿ ಚೆನ್ನಾಗೇ ಇದೆ, ಆದ್ರೆ ಮೆಲ್ಲಗೆ ಮಾತಾಡೋರನ್ನ ಕಂಡ್ರೆ ಅವಳಿಗಾಗಲ್ಲ.”

ಮೋಟುಬೆರಳಜ್ಜಿ ಹೊಸ್ತಿಲಲ್ಲಿ ಕೂತು ದಿಂಬಿನೊಳಗೆ ಹತ್ತಿ ತುರುಕುತ್ತಿದ್ದಳು. ಬಲಗೈಯ ಎರಡು ಬೆರಳಿಗೆ ತುದಿಯಿರಲಿಲ್ಲ.

“ಯಾರ ಮನೆಯವಳು ನೀನು?”

ನಡುವಿನವಳು ಅಜ್ಜನ ಸುದ್ದಿ ಹೇಳಿದಳು. ಕಾಲುವೆಯ ತಿರುವಿನಲ್ಲಿ ಹೊಲ ಮಾಡುತ್ತಿದ್ದವನು. ಮೊದಲ ಹೆಂಡತಿ ಸತ್ತ ಮೇಲೆ ಅವಳ ತಂಗಿಯನ್ನು ತಂದುಕೊಂಡವನು. “ಆ ಎರಡನೆಯವಳ ಮೊಮ್ಮಗಳು ನಾನು.”

ಮುದುಕಿಯ ಕೈ ದಿಂಬಿನೊಳಗೇ ನಿಂತಿತು.

“ಅವಳು ನನ್ನಕ್ಕ,” ಎಂದಳು.

“ಮೂರನೆಯವಳು... ಕಾಲುವೇಲಿ ಮುಳುಗಿದಳು ಅಂತಾರಲ್ಲ?”

“ಅಂತಾರಾ? ಅನ್ನಲಿ. ಓಡಿಹೋದಳು ಅನ್ನೋದಕ್ಕಿಂತ ಸತ್ತಳು ಅನ್ನೋದು ಮರ್ಯಾದಸ್ಥರಿಗೆ ಹಗುರ.” ಮುದುಕಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. “ಕೂತ್ಕೊ ಮಗಳೇ. ನಗುನಗ್ತಾ ಗಾಡಿ ಹತ್ತಿದಳು ಅಂತಲೂ ಹೇಳಿರ್ಬೇಕು.”

“ಹೌದು.”

“ಎರಡು ಸಲ ಗಾಡಿಯಿಂದ ಹಾರಿದ್ಳು. ಎರಡನೇ ಸಲ ಮಂಡಿ ಒಡೀತು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ, ಎಂಟು ವರ್ಷ ನಂಗೆ. ಆಗ ಭಾವನ ಕಡೆಯೋರು ಒಂದು ಉಪಾಯ ಮಾಡಿದ್ರು. ಸತ್ತ ಅಕ್ಕನ ಮಗೂನ ತಂದು ಅವಳ ತೊಡೆ ಮೇಲೆ ಕೂರಿಸಿದ್ರು. ಮಗು ಇದ್ರೆ ಹಾರಲ್ಲ ಅಂತ. ಹಾರ್ಲಿಲ್ಲ. ಆ ಮಗು ಅವಳ ಕತ್ತನ್ನ ಗಟ್ಟಿಯಾಗಿ ಹಿಡ್ಕೊಂಡಿತ್ತು.”

ಆ ಮಗುವೇ ಈಗ ಮನೆಯಲ್ಲಿ ಬಟಾಣಿ ಸುಲಿಯುತ್ತಿರುವ ಅತ್ತೆಯೆಂದು ನಡುವಿನವಳಿಗೆ ಹೊಳೆಯಿತು.

“ಹಿಂದಿನಿಂದ ಬಂದ ಪದ್ಧತಿ ಅಂತಾರೆ, ಅಜ್ಜಿ.”

ಮುದುಕಿ ಉಗುಳುವಂತೆ ನಕ್ಕಳು. “ಯಾವ ಹಿಂದಿನಿಂದ? ನಮ್ಮಮ್ಮ, ಅವಳಮ್ಮ ಇಂಥದ್ದು ಕೇಳೇ ಇರ್ಲಿಲ್ಲ. ಇಲ್ಲಿ ದೊರೆ ಒಂದು ಕಟ್ಟಳೆ ಮಾಡಿದ್ದ. ಹತ್ತಿ ಬಿಡಿಸೋಕೆ ಹೆಂಗಸಿಲ್ಲದ ಮನೆಗೆ ಹೊಲ ಇಲ್ಲ. ದೊಡ್ಡಕ್ಕ ಸತ್ತಿದ್ದು ಸುಗ್ಗಿ ಮುಂದೆ. ಹೊಲ ಕೈ ಬಿಡುತ್ತೆ ಅಂತ ಭಾವನಿಗೆ ನಿದ್ದೆ ಕೆಟ್ಟೋಯ್ತು. ಹೊಸ ಹೆಣ್ಣು ಹುಡುಕೋಕೆ ಪುರುಸೊತ್ತೆಲ್ಲಿ? ಗೊತ್ತಿರೋ ಮನೇಲಿ ಇನ್ನೊಂದು ಜೊತೆ ಕೈ ಇತ್ತು, ತಂದ್ರು. ಅಕ್ಕಪಕ್ಕದೋರೂ ಹಂಗೇ ಮಾಡಿದ್ರು. ದೊರೆಯ ಕಟ್ಟಳೆ ದೇವರ ಕಟ್ಟಳೆ ಆಗೋಕೆ ಎಷ್ಟು ದಿನ ಬೇಕು?”

ಮಿಕ್ಕಿದ್ದನ್ನು ಮುದುಕಿ ದಿಂಬಿನ ಬಾಯಿ ಹೊಲಿಯುತ್ತಲೇ ಹೇಳಿದಳು. ಎರಡನೆಯ ಅಕ್ಕ ಆ ಮನೆಯಲ್ಲಿ ಐದು ವರ್ಷ ಬದುಕಿದಳು. ಎರಡು ಬಸುರು ನಿಲ್ಲಲಿಲ್ಲ. ಮೂರನೆಯದು ಗಂಡುಮಗು. ಬಾಣಂತಿಯನ್ನು ನೋಡಿಕೊಳ್ಳಲೆಂದು ಹದಿಮೂರರ ಈ ತಂಗಿಯನ್ನು ಕರೆಸಿದರು. ಆದರೆ ನೋಡಿಕೊಳ್ಳಲು ಬಾಣಂತಿ ಮನೆಯಲ್ಲಿದ್ದರಲ್ಲವೇ? ವಾರ ತುಂಬುವ ಮೊದಲೇ ಕೂಸನ್ನು ಬೆನ್ನಿಗೆ ಕಟ್ಟಿಸಿ ಹೊಲಕ್ಕಿಳಿಸಿದ್ದರು. ಜ್ವರ ಏರಿದ ಮೈಯಲ್ಲಿ ಅವಳು ಸಾಲಿನ ನಡುವೆ ಕುಸಿದಳು. ಮೇಸ್ತ್ರಿ ಓಡಿ ಬಂದ. ಬಂದವನು ಮೊದಲು ಹತ್ತಿಯ ಚೀಲವನ್ನು ಎತ್ತಿ ಆಚೆ ಇಟ್ಟ, ಕೊಳೆಯಾಗಬಾರದೆಂದು.

“ನೆರಳಿಗೆ ಎಳ್ಕೊಂಡು ಹೋದೆ. ನನ್ನ ಕೈ ಹಿಡಿದು ಹೇಳಿದ್ಳು, ‘ಕೂಸನ್ನ ಅವರು ಸಾಕ್ತಾರೆ, ಗಂಡು ಅದು. ಮುಂದಿನ ಸರದಿ ನಿಂದು. ಈಗಲೇ ಓಡು.’ ಹೆಣದ ಪಕ್ಕದಲ್ಲೇ ಹಿರಿಯರು ನನ್ನ ವಯಸ್ಸು ಕೇಳ್ತಾ ಇದ್ರು ಮಗಳೇ. ನಾನು ಗಿರಣಿಗೆ ಓಡಿದೆ. ದೊರೆಗೆ ಕರುಣೆ ಬಂತು ಅಂದ್ಕೋಬೇಡ. ಯಂತ್ರದ ಹಲ್ಲಿನ ಸಂದಿ ಚೊಕ್ಕ ಮಾಡೋಕೆ ಅವನಿಗೆ ಸಣ್ಣ ಕೈ ಬೇಕಿತ್ತು, ಇಟ್ಕೊಂಡ. ಎರಡು ಬೆರಳು ಯಂತ್ರ ತಿಂತು. ಆದ್ರೂ ನಂಗೆ ಅದೇ ಅಗ್ಗ ಅನ್ನಿಸ್ತು.”

ದಾರ ಕಡಿದು ಕೇಳಿದಳು: “ಆ ಕೂಸು?”

“ಇದಾರೆ. ನನ್ನಪ್ಪ.”

“ಹೇಗಾದ?”

“ಮೆತ್ತಗೆ,” ಎಂದಳು ನಡುವಿನವಳು.

ಅವಳು ಊರಿಗೆ ಮರಳಿದ ದಿನವೇ ಕಬ್ಬಿಣದಂಗಡಿಯ ಭಾವ ತನ್ನ ದೊಡ್ಡಪ್ಪನನ್ನು ಮುಂದಿಟ್ಟುಕೊಂಡು ಮಾತುಕತೆಗೆ ಬಂದಿದ್ದ. ಹೆಂಡತಿ ಸತ್ತವನ ಮುಖ ಎಷ್ಟು ಬಾಡಬೇಕೋ ಅಷ್ಟು ಬಾಡಿಸಿಕೊಂಡು, ಅಂಗಿ ಮಾತ್ರ ಹೊಸದು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಕುರ್ಚಿಯನ್ನೇ ಆರಿಸಿ ಕೂತಿದ್ದ. ದೊಡ್ಡಪ್ಪ ಚಹಾ ಹೀರುತ್ತಾ ತಾಯಿಯಿಲ್ಲದ ಕೂಸುಗಳ ಗೋಳನ್ನು ಬಣ್ಣಿಸುತ್ತಿದ್ದ. ಸಕ್ಕರೆ ಸಾಲದೆಂದು ನಡುವೆ ಒಮ್ಮೆ ಗೋಳು ನಿಲ್ಲಿಸಿದ.

ಕಿರಿಯಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಡುವಿನವಳು ಚೀಲ ಇಳಿಸದೆಯೇ ಕೇಳಿದಳು:

“ಭಾವ, ಮಕ್ಕಳಿಗಾಗಿ ತಾನೇ ನೀವು ಬಂದಿರೋದು?”

“ಮತ್ತೆ? ನನಗೇನು ಆಸೆಯಾ?”

“ಹಾಗಾದ್ರೆ ಇಬ್ಬರನ್ನೂ ಇಲ್ಲಿಗೆ ಕಳಿಸಿ. ನಾನು ಮದುವೆ ಗೊಡವೆಗೆ ಹೋಗಲ್ಲ, ನೋಡ್ಕೋತೀನಿ. ದಿನಾ ಬಂದು ನೋಡ್ಕೊಂಡು ಹೋಗಿ, ಪಕ್ಕದ ಬೀದಿ ತಾನೇ.”

ಭಾವ ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ಚಹಾದ ಲೋಟದೊಳಗೆ ನೋಡಿದ.

“ಮಕ್ಕಳು ಬಂದ್ರೆ ಬರಲಿ,” ಎಂದ ಭಾವ ಗಂಟಲು ಸರಿಮಾಡಿಕೊಂಡು. “ಆದ್ರೆ ನನ್ನ ಮನೇಲಿ ಒಲೆ ಹಚ್ಚೋರು ಯಾರು? ರಾತ್ರಿ ಅಂಗಡಿ ಮುಚ್ಚಿ ಬಂದ್ರೆ ನನಗೆ ಯಾರಿದಾರೆ?”

ಗೋಳಿನ ಸಿಪ್ಪೆ ಸುಲಿದರೆ ಉಳಿದ ಕಾಳು ಇಷ್ಟೇ.

ಅತ್ತೆ ಗದರಿದಳು. “ಬಸ್ಸಿಳಿದು ಬಂದು ನೆಂಟರ ಮರ್ಯಾದೆ ತೆಗೀತೀಯಾ? ನಿಮ್ಮಜ್ಜಿ ಥರದವರು ಹುಟ್ಟಿದ ಮನೇಲಿ...”

“ಅಜ್ಜಿ ಸತ್ತ ಊರಿಂದಾನೇ ಬಂದೆ, ಅತ್ತೆ. ಮೂರನೆಯವಳು ಬದುಕಿದಾಳೆ. ಅಜ್ಜಿ ಹೊಲದಲ್ಲಿ ಬಿದ್ದದ್ದು, ಎಲ್ಲ ಅವಳೇ ಹೇಳಿದ್ಳು. ಎರಡು ಸಲ ಗಾಡಿಯಿಂದ ಹಾರಿದ್ದು. ತೊಡೆ ಮೇಲೆ ಮಗು ತಂದು ಕೂರಿಸಿದ್ದು. ಆ ಮಗು ಯಾರು ಅಂತ ನಾನು ಹೇಳಬೇಕಾ?”

ನಾಚಿಕೆಯೋ ಭಯವೋ ಅತ್ತೆಯ ಮುಖದಲ್ಲಿ ಕಾಣಬಹುದೆಂದು ಅವಳು ಕಾದಳು. ಅಂಥದ್ದೇನೂ ಕಾಣಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, ತೀರಾ ಸಾಮಾನ್ಯ ದನಿಯಲ್ಲಿ ಹೇಳಿದಳು:

“ಕಿರುಚಿದ್ಳು, ಅದಕ್ಕೇನೀಗ? ಎಲ್ಲರೂ ಮೊದಲು ಕಿರುಚ್ತಾರೆ. ನನ್ನ ಮದುವೇಲಿ ನಾನೂ ಕಿರುಚಿದ್ದೆ. ಆಮೇಲೆ ನಿಲ್ಲುತ್ತೆ.”

ಆಗ ಕಿರಿಯಳು ಬಾಗಿಲು ಬಿಟ್ಟು ಮುಂದೆ ಬಂದಳು. ಡಬ್ಬಿಗಳನ್ನು ಗದರಿಸುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

“ನಂದು ನಿಲ್ಲಲ್ಲ, ಅತ್ತೆ. ಬೀದೀಲಿ ಕಿರುಚ್ತೀನಿ, ಅವರ ಅಂಗಡಿ ಮುಂದೆ ಕಿರುಚ್ತೀನಿ. ಭಾವ, ನೀವು ನನ್ನಕ್ಕನ ಗಂಡ. ಅಷ್ಟೇ. ನಾನು ಬರಲ್ಲ.”

“ಚಿಕ್ಕ ಹುಡುಗಿ, ತಿಳಿಯದು,” ಎಂದು ದೊಡ್ಡಪ್ಪ ಅಪ್ಪನತ್ತ ಕೈ ಚಾಚಿದ. “ನೀವು ಹಿರಿಯರು, ಒಂದು ಮಾತು ಹೇಳಿಬಿಡಿ.”

ಎಲ್ಲರೂ ಆ ಹಳೆಯ ‘ಹ್ಞೂಂ’ಗಾಗಿ ಕಾದರು. ಅಪ್ಪ ಕಿಟಕಿಯ ಬಳಿಯಿಂದ ಎದ್ದ. ನೆಂಟರನ್ನು ದಾಟಿ ನಡುವಿನ ಮಗಳ ಮುಂದೆ ಬಂದು ನಿಂತ.

“ನಾನು ಎಲ್ಲಿದ್ದೆ?” ಎಂದು ಕೇಳಿದ. “ಅವಳು ಬಿದ್ದಾಗ?”

“ಅವಳ ಬೆನ್ನ ಮೇಲೆ, ಅಪ್ಪಾ.”

ಅಪ್ಪ ಭಾವನ ಕಡೆ ತಿರುಗಿ, “ಮೇಲೆ ಏಳಿ. ನಮ್ಮ ಹುಡುಗಿ ಬರಲ್ಲ ಅಂದ್ಳಲ್ಲ, ಕೇಳಿಸ್ಲಿಲ್ವಾ?” ಎಂದ. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ ದನಿ ನಡುವೆ ಒಡೆಯಿತು. ಆದರೂ ನೆಂಟರು ಎದ್ದರು.

ಅವರು ಹೋದ ಮೇಲೆ ಅತ್ತೆ ಒಂದೇ ಸಮನೆ ಶಪಿಸತೊಡಗಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡು ಹೇಳಿದ: “ಅಕ್ಕಾ, ನಾಳೆ ಬೆಳಿಗ್ಗೆ ಚಿಕ್ಕಮ್ಮನ್ನ ನೋಡೋಕೆ ಹೋಗ್ತಾ ಇದೀನಿ. ಬರ್ತೀಯಾ?”

“ಕಾಲುವೇಲಿ ಸತ್ತವಳನ್ನ ಏನು ನೋಡೋದು?”

“ಸಾಯಿಸಿದ್ದು ನೀವೆಲ್ಲ ಸೇರಿ. ಅವಳು ಸಾಯಲಿಲ್ಲ.”

ಅತ್ತೆ ಹೋಗಲಿಲ್ಲ. ಅಂಥವರು ಹೋಗುವುದಿಲ್ಲ. ತಮ್ಮ ಕತ್ತಿಗೆ ಬಿದ್ದ ಉರುಳನ್ನೇ ಒಡವೆಯೆಂದು ಮೊಮ್ಮಕ್ಕಳಿಗೆ ತೊಡಿಸಲು ಕಾದು ಕೂರುತ್ತಾರೆ. ನಾವು ಅವರನ್ನು ಹಿರಿಯರೆಂದು ಕರೆದು ಒಳ್ಳೆಯ ಕುರ್ಚಿ ಹಾಕಿಕೊಡುತ್ತೇವೆ.

ತಾಯಿಯಿಲ್ಲದ ಮಕ್ಕಳ ಗತಿಯೇನೆಂದು ಕಣ್ಣೀರಿಟ್ಟ ಭಾವ, ಎರಡು ತಿಂಗಳೊಳಗೆ ಬೇರೊಂದು ಊರಿನ ಹುಡುಗಿಯನ್ನು ತಂದುಕೊಂಡ. ಬಂದವಳಿಗೆ ಮನೆ ಕಿಷ್ಕಿಂಧೆಯಾಗುತ್ತದೆಂದು ಇಬ್ಬರು ಮಕ್ಕಳನ್ನೂ ಒಂದು ಬಟ್ಟೆಯ ಗಂಟಿನ ಸಮೇತ ತಾನೇ ತಂದು ಬಿಟ್ಟುಹೋದ. ನಡುವಿನವಳು ಕೂಸನ್ನು ಎತ್ತಿಕೊಂಡಳು. ಅದರ ಅಕ್ಕ ಹೊಸ್ತಿಲಲ್ಲಿ ಹೆದರಿ ನಿಂತಿತ್ತು. ಕಿರಿಯಳು ತರಬೇತಿಗೆ ಹೊರಟವಳು ಬಗ್ಗಿ, “ನಾನು ಸಂಜೆ ಬರ್ತೀನಿ, ಬಂದ ಮೇಲೆ ನಿಂಗೆ ಅಕ್ಷರ ಬರೆಯೋಕೆ ಹೇಳಿಕೊಡ್ತೀನಿ. ಆಯ್ತಾ?” ಎಂದಳು.

ಮಗು ಸ್ವಲ್ಪ ಯೋಚಿಸಿತು. “ಈಗಲೇ,” ಎಂದು ಅವಳ ಚೀಲದ ಪಟ್ಟಿ ಹಿಡಿದು ಎಳೆಯಿತು.