ಉಂಗುರ ತೆಗೆದಿಟ್ಟು ಹಚ್ಚುವ ಕ್ರೀಮ್

“ಯಾಕಮ್ಮ, ಇಷ್ಟು ಕಪ್ಪಾಗ್ಬಿಟ್ಟಿದೀಯ?”

ನಮ್ಮ ಬಡಾವಣೆಗಳಲ್ಲಿ ಹೆಣ್ಣುಮಕ್ಕಳಿಗೆ ಕೇಳದೆಯೇ ಸಿಗುವ ಮಾತು ಇದು. ತರಕಾರಿ ಗಾಡಿಯ ಹತ್ತಿರ ಕೇಳುತ್ತಾರೆ, ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಕೇಳಿದವರು ಅಲ್ಲೇ ಮರೆತುಬಿಡುತ್ತಾರೆ. ಕೇಳಿಸಿಕೊಂಡವಳು ಮಾತ್ರ ಮನೆಗೆ ಬಂದು ಕನ್ನಡಿಯ ಮುಂದೆ ನಿಲ್ಲುತ್ತಾಳೆ.

ಬಸವೇಶ್ವರನಗರದ ವಚನಾ ಹಾಗೆ ನಿಲ್ಲುತ್ತಿದ್ದ ಹುಡುಗಿ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಳು. ತಾಯಿ ಶಿವಕ್ಕ ರಾಣೆಬೆನ್ನೂರಿನ ಕಡೆಯವರು. ಅವರು ಬಾಡಿಗೆಗಿದ್ದ ಮಹಡಿ ಮನೆಯ ಕೆಳಗೇ ವರಲಕ್ಷ್ಮಿಯ ಮನೆ, ಅದಕ್ಕೆ ಸೇರಿದ ಅವಳ ಬ್ಯೂಟಿ ಪಾರ್ಲರ್. ಎರಡೂ ಮನೆಗಳ ನಡುವೆ ಬಟ್ಟಲು ಓಡಾಡುತ್ತಲೇ ಇತ್ತು. ಮೇಲಿನಿಂದ ಜೋಳದ ರೊಟ್ಟಿ ಇಳಿದರೆ ಕೆಳಗಿನಿಂದ ಅವರೆಕಾಳು ಸಾರು ಹತ್ತುತ್ತಿತ್ತು.

ಒಂದು ದಿನ ಇಂಟರ್‌ವ್ಯೂ ಮುಗಿಸಿ ಬಂದ ವಚನಾಳ ಮುಖ ಬಾಡಿತ್ತು. ವರಲಕ್ಷ್ಮಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಪುಟ್ಟ ಡಬ್ಬಿ ತೆಗೆದಳು.

“ತಗೋ ಕಣೇ. ರಾತ್ರಿ ಹಚ್ಚಿ ಮಲಗು, ಅಷ್ಟೇ. ತಿಂಗಳಲ್ಲಿ ನಿನ್ನನ್ನ ನೀನೇ ಗುರುತು ಹಿಡಿಯಲ್ಲ. ಹಚ್ಚೋವಾಗ ಉಂಗುರ ಮಾತ್ರ ತೆಗೆದಿಟ್ಬಿಡು.”

“ಆಂಟಿ, ಇದರ ಮೇಲೆ ಏನೂ ಓದೋಕಾಗಲ್ಲ. ಯಾವ ಭಾಷೆ ಇದು?”

“ಫಾರಿನ್ ಮಾಲು. ನಾನೂ ಇದನ್ನೇ ಹಚ್ಕೊಳ್ಳೋದು, ನೋಡು.”

ವರಲಕ್ಷ್ಮಿ ಸುಳ್ಳು ಹೇಳುತ್ತಿರಲಿಲ್ಲ. ಆ ಕ್ರೀಮನ್ನು ಅವಳು ನಿಜವಾಗಿಯೂ ನಂಬಿದ್ದಳು. ಭೈರೇಶ್ ಎಂಬ ಏಜೆಂಟ್ ಸ್ಕೂಟರಿನಲ್ಲಿ ಮಾಲು ತಂದು ಮಾಗಡಿ ರಸ್ತೆಯ ಆಚೀಚೆ ಎಷ್ಟೋ ಪಾರ್ಲರ್‌ಗಳಿಗೆ ಕೊಡುತ್ತಿದ್ದ. ಬಿಲ್ಲು ಕೊಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ವಚನಾಳ ಮುಖ ನಿಜಕ್ಕೂ ಬೆಳ್ಳಗಾಯಿತು. ಬೀದಿಯವರೆಲ್ಲ ಹೊಗಳಿದರು. ಆ ಹುರುಪಿನಲ್ಲೇ ಅವಳಿಗೆ ರಾಜಾಜಿನಗರದ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸವೂ ಸಿಕ್ಕಿತು.

ಕೆಲವು ತಿಂಗಳು ಕಳೆದ ಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ನಿದ್ದೆ ಕಡಿಮೆಯಾಗಿದೆ ಅಂದುಕೊಂಡರು. ಆಮೇಲೆ ಪಾದ ಊದಿತು, ಚಪ್ಪಲಿ ಬಿಗಿಯಾಯಿತು. ಮೂತ್ರದಲ್ಲಿ ಸೋಪಿನ ಹಾಗೆ ನೊರೆ. ಅದನ್ನು ತಾಯಿಯ ಹತ್ತಿರ ಹೇಳಲೂ ಹುಡುಗಿ ನಾಚಿದಳು. ಒಂದು ಬೆಳಿಗ್ಗೆ ಮುಖವೆಲ್ಲ ಊದಿ ಕಣ್ಣು ತೆರೆಯಲಾಗದೆ ಹೋದಾಗ ಶಿವಕ್ಕ ಹೆದರಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಮೂಲೆಯ ಕ್ಲಿನಿಕ್ಕಿನಲ್ಲಿ ಮೂತ್ರ ಪರೀಕ್ಷೆ ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಕಿಡ್ನಿ ಡಾಕ್ಟರು ರಿಪೋರ್ಟು ನೋಡಿ, ವಚನಾಳನ್ನು ನೋಡಿ, ಯಾರೂ ಎಣಿಸದ ಪ್ರಶ್ನೆ ಕೇಳಿದರು.

“ಮುಖಕ್ಕೆ ಏನು ಹಚ್ತೀಯಮ್ಮ?”

ಶಿವಕ್ಕ ದಂಗಾದರು. “ಡಾಕ್ಟ್ರೇ, ಮುಖಕ್ಕ ಹಚ್ಚೂದಕ್ಕೂ ಕಿಡ್ನಿಗೂ ಏನ್ರೀ ಸಂಬಂಧ?”

“ಸಂಬಂಧ ಇದೆ ತಾಯಿ. ಇಂಥ ಕೇಸು ನಾವು ನೋಡಿದೀವಿ. ಮೊದಲು ಆ ಕ್ರೀಮ್ ನಿಲ್ಲಿಸಿ. ಡಬ್ಬಿ ಬಿಸಾಡ್ಬೇಡಿ, ತಂದು ತೋರಿಸಿ.”

ರಕ್ತ, ಮೂತ್ರ ಎರಡರಲ್ಲೂ ಪಾದರಸ ಸಿಕ್ಕಿತು. ಕಿಡ್ನಿಯಿಂದ ದೇಹದ ಪ್ರೋಟೀನು ಸೋರಿಹೋಗುತ್ತಿತ್ತು. “ಬೇಗ ಬಂದಿದೀರಿ. ಸರಿಹೋಗೋ ಸಾಧ್ಯತೆ ಹೆಚ್ಚು” ಎಂದ ಡಾಕ್ಟರ ಮಾತನ್ನೇ ಹಿಡಿದುಕೊಂಡು ತಾಯಿ ಮಗಳು ಮನೆಗೆ ಬಂದರು.

ಆ ಸಂಜೆ ಶಿವಕ್ಕ ಪಾರ್ಲರಿನ ಬಾಗಿಲಲ್ಲಿ ನಿಂತು ವಿಷಯ ಹೇಳಿದಾಗ ವರಲಕ್ಷ್ಮಿಗೆ ಮೈ ಉರಿಯಿತು.

“ಏನ್ ಶಿವಕ್ಕ, ನನ್ನ ಮಗಳಿಗೆ ಕೊಟ್ಟಂಗೆ ಕೊಟ್ಟಿದ್ದು. ನಾನು ಹಚ್ಚಲ್ವಾ? ನನಗೇನಾಗಿದೆ? ಆ ಹುಡುಗಿ ಹೊರಗಡೆ ತಿಂಡಿ ತಿಂದು ತಿಂದು ಹಿಂಗಾಗಿರ್ಬೇಕು.”

“ಹೊರಗಿನ ತಿಂಡಿಯೊಳಗ ಪಾದರಸ ಇರ್ತೈತೇನ್ರೀ?”

ಇಬ್ಬರ ದನಿಯೂ ಏರಿತು. ಮೂಲೆಯ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಲತಾ ಡ್ಯೂಟಿ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದಳು. ಅವಳು ಒಳಗೆ ಬಂದು ಇಬ್ಬರ ಮಧ್ಯೆ ಸ್ಟೂಲು ಎಳೆದುಕೊಂಡು ಕೂತಳು.

“ವರಲಕ್ಷ್ಮಕ್ಕ, ಜಗಳ ಆಮೇಲೆ. ಈ ಕ್ರೀಮನ್ನ ಹೆಂಗೆ ಹಚ್ಚಬೇಕು ಅಂತ ಹೇಳ್ಕೊಡ್ತೀರ, ನನಗೂ ಹೇಳಿ.”

“ರಾತ್ರಿ ಹಚ್ಚೋದು. ಉಂಗುರ, ಓಲೆ ತೆಗೆದಿಟ್ಟು.”

“ಉಂಗುರ ಯಾಕೆ ತೆಗೀಬೇಕು?”

“ಕ್ರೀಮ್ ತಾಗಿದ್ರೆ ಚಿನ್ನ ಬೆಳ್ಳಗಾಗುತ್ತೆ ಅಂದ ಭೈರೇಶ. ನನ್ನದೇ ಒಂದು ಉಂಗುರ ಹಂಗಾಗಿತ್ತು.”

“ಅಕ್ಕ, ಚಿನ್ನಾನೇ ಕೆಡಿಸೋ ವಸ್ತು ಚರ್ಮಾನ ಬಿಡುತ್ತಾ?”

ವರಲಕ್ಷ್ಮಿ ತನ್ನ ಬೆರಳಿನ ಉಂಗುರ ನೋಡಿಕೊಂಡಳು. ಲತಾ ಮೆಲ್ಲಗೆ ಬಿಡಿಸಿ ಹೇಳಿದಳು. “ಹಳೇ ಥರ್ಮಾಮೀಟರಲ್ಲಿ ಹೊಳೀತಿತ್ತಲ್ಲ, ಅದೇ ಪಾದರಸ. ಚರ್ಮಕ್ಕೆ ಬಣ್ಣ ಬರೋದನ್ನ ಅದು ತಡೆಯುತ್ತೆ. ಅದಕ್ಕೇ ಬೆಳ್ಳಗೆ ಕಾಣ್ತೀವಿ. ಆದ್ರೆ ಅಲ್ಲಿಗೇ ನಿಲ್ಲಲ್ಲ. ಚರ್ಮದಿಂದ ರಕ್ತಕ್ಕೆ ಇಳಿಯುತ್ತೆ, ರಕ್ತದಿಂದ ಕಿಡ್ನಿಗೆ ಹೋಗುತ್ತೆ. ದಿಂಬಿಗೆ, ಟವೆಲ್ಲಿಗೆ ಅಂಟಿದ್ದು ಮನೇಲಿರೋ ಮಕ್ಕಳಿಗೂ ತಗಲುತ್ತೆ. ಸೌಂದರ್ಯದ ಸಾಮಾನಿಗೆ ಪಾದರಸ ಹಾಕೋ ಹಾಗಿಲ್ಲ ಅಂತ ಕಾನೂನೇ ಇದೆ. ಎಲ್ಲರಿಗೂ ಒಂದೇ ಸಲ ಕಾಯಿಲೆ ಕಾಣಿಸ್ಕೊಳ್ಳಲ್ಲ ಅಷ್ಟೇ. ನೀವೂ ಒಂದು ಪರೀಕ್ಷೆ ಮಾಡಿಸ್ಕೊಳ್ಳಿ.”

ಲತಾಳ ಬಾಯಿ ಮುಚ್ಚಿಸಬೇಕೆಂದೇ ವರಲಕ್ಷ್ಮಿ ಪರೀಕ್ಷೆಗೆ ಹೋದಳು. ಅವಳ ಕಿಡ್ನಿ ಇನ್ನೂ ಚೆನ್ನಾಗಿತ್ತು. ಆದರೆ ಮೂತ್ರದಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ರಿಪೋರ್ಟು ಹಿಡಿದು ಅವಳು ನೇರ ಮಹಡಿ ಹತ್ತಿದಳು. ವಚನಾ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಊದಿದ ಆ ಪಾದಗಳನ್ನು ನೋಡಿ ವರಲಕ್ಷ್ಮಿಗೆ ಅಳು ತಡೆಯಲಾಗಲಿಲ್ಲ.

“ನನ್ನ ಕೈಯಾರೆ ಕೊಟ್ನಲ್ಲೇ...”

“ನೀವು ಗೊತ್ತಿದ್ದು ಕೊಟ್ಟಿದ್ದಲ್ಲ ಆಂಟಿ” ಎಂದಳು ವಚನಾ. “ಆದ್ರೆ ಈಗ ಗೊತ್ತಾಯ್ತಲ್ಲ. ಬೇರೆಯವರಿಗೂ ಹೇಳ್ಬಿಡಿ.”

ವರಲಕ್ಷ್ಮಿ ಅವತ್ತೇ ಕೂತು ತನ್ನ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೆಲವರು ಬೈದರು. ಕೆಲವರು ಮತ್ತೆ ಪಾರ್ಲರಿಗೆ ಕಾಲಿಡಲಿಲ್ಲ. ಒಬ್ಬ ಬಸುರಿ ಹೆಂಗಸು ಮಾತ್ರ, “ಹೇಳಿದ್ದು ಒಳ್ಳೇದಾಯ್ತಕ್ಕ” ಎಂದು ಅಂದೇ ಡಾಕ್ಟರ ಹತ್ತಿರ ಓಡಿದಳು.

ಉಳಿದ ಡಬ್ಬಿಗಳನ್ನು ಮೋರಿಗೆ ಸುರಿದುಬಿಡೋಣ ಎಂದು ವರಲಕ್ಷ್ಮಿ ಚೀಲ ಹೊರಗೆ ತಂದಳು. ಆಗ ಕೂಗಿದವರು ಮುನಿತಾಯಮ್ಮ. ಅವರು ಆ ಕಟ್ಟಡದ ಯಜಮಾನಿ, ಬೀದಿಯ ಮಹಿಳಾ ಸಂಘದ ಅಧ್ಯಕ್ಷೆಯೂ ಹೌದು.

“ಏಯ್, ಮೋರಿಗೆ ಹಾಕ್ಬೇಡ ಕಣೇ! ಈ ಮೋರಿ ಎಲ್ಲಿಗೆ ಹೋಗುತ್ತೆ ಗೊತ್ತಾ? ವೃಷಭಾವತಿಗೆ. ನನ್ನ ತವರು ಕೆಂಗೇರಿ ಆಚೆ. ನಾನು ಚಿಕ್ಕೋಳಿದ್ದಾಗ ಆ ಹೊಳೆ ನೀರು ಕುಡೀತಿದ್ವಿ. ಈಗ ಮೂಗು ಮುಚ್ಕೊಂಡು ಹೋಗ್ಬೇಕು. ನನ್ನ ತಮ್ಮ ಇವತ್ತಿಗೂ ಅದೇ ನೀರಲ್ಲಿ ಸೊಪ್ಪು ಬೆಳೀತಾನೆ, ಬೇರೆ ನೀರಿಲ್ಲ ಅವನಿಗೆ. ನಾವು ಬೆಳ್ಳಗಾಗೋಕೆ ಹಚ್ಕೊಂಡಿದ್ದನ್ನ ಅವನ್ಯಾಕೆ ಅನುಭವಿಸ್ಬೇಕು?”

“ಪಾದರಸ ಕೊಳೆಯಲ್ಲ, ಕರಗಲ್ಲ, ಎಲ್ಲಿ ಬಿದ್ರೂ ಇರುತ್ತೆ” ಎಂದಳು ಜೊತೆಗಿದ್ದ ಲತಾ. ಡಬ್ಬಿಗಳನ್ನು ಗಟ್ಟಿಯಾಗಿ ಮುಚ್ಚಿ, ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟರು.

ಅಷ್ಟರಲ್ಲಿ ಭೈರೇಶ ಹೊಸ ಮಾಲು ತಂದ. ವರಲಕ್ಷ್ಮಿ ಬೇಡವೆಂದಳು, ಕಾರಣವನ್ನೂ ಹೇಳಿದಳು.

“ಆಂಟಿ, ಊರೆಲ್ಲ ಹಚ್ತಾ ಇದೆ, ಒಬ್ಬಳಿಗೆ ಆಗಿದ್ದಕ್ಕೆ ಇಷ್ಟೊಂದಾ? ನೀವು ಬಿಟ್ರೆ ಬ್ಯಾಡರಹಳ್ಳಿ ಕಡೆ ಪಾರ್ಲರ್‌ಗಳು ಕಾಯ್ತಾ ಇವೆ” ಎಂದು ನಗುತ್ತಲೇ ಸ್ಕೂಟರ್ ತಿರುಗಿಸಿದ.

ಅವನ ಆ ಮಾತು ವರಲಕ್ಷ್ಮಿಯನ್ನು ಚುಚ್ಚಿತು. ತಾನು ಬಿಟ್ಟರೆ ವಿಷ ಮುಂದಿನ ಬೀದಿಗೆ ಹೋಗುತ್ತದೆ. ಅಲ್ಲೊಬ್ಬ ವಚನಾ ಇರುತ್ತಾಳೆ.

ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು ನಡೆದದ್ದನ್ನು ಹೇಳಿದಳು. ಅಕ್ಕಪಕ್ಕದ ಬಡಾವಣೆಗಳ ಪಾರ್ಲರಿನವರನ್ನೂ ಮುನಿತಾಯಮ್ಮ ಕರೆಸಿದ್ದರು. ವಿಜಯನಗರದಿಂದ ಬಂದಿದ್ದವಳೊಬ್ಬಳು ಚೀಲದಿಂದ ಅಂಥದೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಮತ್ತೊಬ್ಬಳು. ದೂರು ಕೊಡುವುದೆಂದು ತೀರ್ಮಾನವಾಯಿತು.

ಹೋಗುವ ದಿನ ವರಲಕ್ಷ್ಮಿ ಹಿಂಜರಿದಳು. “ಮಾರಿದೋಳು ನಾನೇ. ನನ್ನನ್ನೇ ಹಿಡಿದು ಹಾಕಿದ್ರೆ?” ಶಿವಕ್ಕ ಅವಳ ಕೈ ಹಿಡಿದರು. “ನಡೀರಿ, ನಾನೂ ಬರ್ತೀನಿ.” ಜಗಳವಾದ ಮೇಲೆ ಅವರಿಬ್ಬರೂ ಒಟ್ಟಿಗೆ ಬಸ್ಸು ಹತ್ತಿದ್ದು ಅಂದೇ.

ಔಷಧ ನಿಯಂತ್ರಣ ಕಚೇರಿಯಲ್ಲಿ ಅಧಿಕಾರಿ ಡಬ್ಬಿಗಳನ್ನು ತಿರುಗಿಸಿ ನೋಡಿ ಕೇಳಿದರು. “ಇದನ್ನ ಮಾರಿದ್ದು ಯಾರು?”

ವರಲಕ್ಷ್ಮಿ ಮುಂದೆ ಬಂದಳು. “ನಾನೂ ಮಾರಿದೀನಿ ಸಾರ್. ಬರ್ಕೊಳ್ಳಿ. ಯಾರು ತಂದು ಕೊಡ್ತಾರೆ ಅಂತಾನೂ ಹೇಳ್ತೀನಿ.”

ಅಧಿಕಾರಿ ಅವಳನ್ನು ಒಮ್ಮೆ ನೋಡಿ, ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ. ಹೀಗೆ ಬಂದು ಹೇಳೋರು ಇಲ್ಲದೇ ಇರೋದಕ್ಕೇ ನಮಗೆ ಮೂಲ ಸಿಗಲ್ಲ.”

ಕ್ರೀಮನ್ನು ಪರೀಕ್ಷೆಗೆ ಕಳಿಸಿದರು. ಪಾದರಸ ಇರುವುದು ಖಚಿತವಾಯಿತು. ಭೈರೇಶ ಬಾಡಿಗೆಗೆ ಹಿಡಿದಿದ್ದ ಗೋಡೌನಿನ ಬಾಗಿಲು ತೆರೆಸಿ ಮಾಲು ವಶಕ್ಕೆ ತೆಗೆದುಕೊಂಡು ಅವನ ಮೇಲೆ ಕೇಸು ಹಾಕಿದರು. ವರಲಕ್ಷ್ಮಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು. ಅವಳು ಕಟ್ಟಿಟ್ಟಿದ್ದ ಚೀಲವೂ ಸರ್ಕಾರದ ಕೈ ಸೇರಿತು, ಮೋರಿ ಸೇರಲಿಲ್ಲ.

ವಚನಾ ಪೂರ್ತಿ ಚೇತರಿಸಿಕೊಳ್ಳಲು ವರ್ಷವೇ ಹಿಡಿಯಿತು. ಮಾತ್ರೆ, ಉಪ್ಪಿಲ್ಲದ ಊಟ, ಮತ್ತೆ ಮತ್ತೆ ಪರೀಕ್ಷೆ. ಮುಖದ ಬಣ್ಣ ಮೊದಲಿನ ಹಾಗೇ ಆಯಿತು. ಆಡಿಟರ್ ಅವಳ ಕೆಲಸವನ್ನು ಹಾಗೇ ಉಳಿಸಿದ್ದರು. ಈಗ ದಿನವೂ ಸ್ಕೂಟಿಯಲ್ಲಿ ಆಫೀಸಿಗೆ ಹೋಗುತ್ತಾಳೆ. ಭಾನುವಾರ ಪಾರ್ಲರಿಗೆ ಇಳಿದು ಕೂದಲು ಕತ್ತರಿಸಿಕೊಳ್ಳುತ್ತಾ ಹೊಸ ಗಿರಾಕಿಗಳ ಜೊತೆ ಹರಟುತ್ತಾಳೆ. ಪಾರ್ಲರ್ ಬಿಟ್ಟು ಹೋದವರಲ್ಲಿ ಅರ್ಧ ಜನ ವಾಪಸ್ ಬಂದಿದ್ದಾರೆ. “ಈ ಅಕ್ಕ ನಿಜ ಹೇಳ್ತಾಳೆ” ಎಂಬ ಹೆಸರು ಕೇಳಿ ಹೊಸಬರೂ ಬರುತ್ತಾರೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ವರಲಕ್ಷ್ಮಿ ದಪ್ಪ ಅಕ್ಷರದಲ್ಲಿ ಬರೆಸಿದ್ದಾಳೆ: ‘ವಿಳಾಸವಿಲ್ಲದ ಕ್ರೀಮ್ ಇಲ್ಲಿ ಹಚ್ಚುವುದಿಲ್ಲ.’

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಒಂದು ನಿಮಿಷ ಎದ್ದು ನಿಮ್ಮ ಮನೆಯ ಕನ್ನಡಿಯ ಹತ್ತಿರ ಇರುವ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಒಳಗೆ ಏನೇನಿದೆ ಎಂಬ ವಿವರ ಅದರ ಮೇಲಿದೆಯೇ? ಇಲ್ಲದಿದ್ದರೆ, ಅಥವಾ ಒಡವೆಗೆ ತಾಗಿಸಬೇಡಿ ಎಂದಿದ್ದರೆ, ಇವತ್ತೇ ಹಚ್ಚುವುದನ್ನು ನಿಲ್ಲಿಸಿ. ಮುಖ, ಕಾಲು ಊದಿದರೆ, ಮೂತ್ರ ನೊರೆಯಾದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಡಬ್ಬಿಯನ್ನು ಮೋರಿಗಾಗಲಿ ಹಸಿ ಕಸಕ್ಕಾಗಲಿ ಹಾಕಬೇಡಿ. ಬೇರೆಯಾಗಿ ಕಟ್ಟಿಟ್ಟು, ಅಪಾಯಕಾರಿ ಕಸವೆಂದು ಹೇಳಿ ಕಸದ ಗಾಡಿಯವರಿಗೆ ಕೊಡಿ. ಮಾಲು ಎಲ್ಲಿಂದ ಬಂತೆಂದು ಅಂಗಡಿಯಲ್ಲಿ ಕೇಳಿ, ಬಿಲ್ಲು ಪಡೆಯಿರಿ. ಸಂದೇಹ ಬಂದರೆ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡಿ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಒಬ್ಬರೇ ಹೋಗಲು ಹೆದರಿಕೆಯಾದರೆ ನಿಮ್ಮ ಬೀದಿಯ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ನಿಮ್ಮ ಮನೆಯ ಮಗಳಿಗೆ ಅವಳ ಬಣ್ಣ ಚೆನ್ನಾಗಿದೆ ಎಂದು ಇವತ್ತು ಒಂದು ಸಲ ಬಾಯಿಬಿಟ್ಟು ಹೇಳಿ.